ಪುಸ್ತಕ ಕೊಡಿ, ಆಮೇಲೆ ‘ಏನ್ ಕಲ್ತೆ’ ಅಂತ ಕೇಳ್ಬೇಡಿ

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬರೋ ಟೈಮಲ್ಲಿ ಕೌನ್ಸೆಲಿಂಗ್‌ಗೆ ಬರೋ ಅಪ್ಪ ಅಮ್ಮಂದಿರಲ್ಲಿ ಸುಮಾರು ಜನ ಕೇಳೋದು, ಮೇಡಂ, ಇವನಿಗೆ ಧೈರ್ಯ ಬರೋ ಥರದ್ದು ಯಾವ್ದಾದ್ರೂ ಬುಕ್ ಹೇಳಿ ಅಂತ. ಅವರ ತಲೇಲಿರೋದು ಸಾಧಕರ ಕಥೆ. ನಾನದನ್ನ ಕೊಡಲ್ಲ. ಈಗಷ್ಟೇ ಫೇಲಾಗಿರೋ ಹುಡುಗನ ಕೈಗೆ ಗೆದ್ದವರ ಕಥೆ ಇಟ್ರೆ ಅವನಿಗದು ಇನ್ನೊಂದು ಮಾರ್ಕ್ಸ್ ಕಾರ್ಡ್ ಅಷ್ಟೇ.

ನಾನು ಜಾಸ್ತಿ ಕೊಡೋದು ತೇಜಸ್ವಿಯವರ ‘ಕರ್ವಾಲೊ’. 1980ರ ಕಾದಂಬರಿ, ಆದ್ರೂ ಈಗಿನ ಹುಡುಗ್ರು ನಕ್ಕೊಂಡೇ ಓದ್ತಾರೆ. ಹಾರೋ ಓತಿ ಹುಡುಕ್ಕೊಂಡು ಒಂದು ಗುಂಪು ಕಾಡು ಹೊಗತ್ತೆ, ಅಷ್ಟೆಲ್ಲಾ ಒದ್ದಾಡಿದ ಮೇಲೆ ಅದು ಕಣ್ಣಿಗೇನೋ ಬೀಳತ್ತೆ, ಕೈಗೆ ಮಾತ್ರ ಸಿಗ್ದೆ ಹಾರಿ ಹೋಗತ್ತೆ. ಓದಾದ್ಮೇಲೆ ನಾನು ಕೇಳೋದಿಷ್ಟೇ, ಓತಿ ಸಿಗ್ಲಿಲ್ವಲ್ಲ, ಹಂಗಾದ್ರೆ ಇವರು ಹೋಗಿದ್ದು ದಂಡನಾ? ಕೆಲವ್ರು ಹೌದು ಅಂತಾರೆ, ಅನ್ಲಿ ಬಿಡಿ, ನಾನು ತಿದ್ದಕ್ಕೆ ಹೋಗಲ್ಲ. ಆ ಗುಂಪಲ್ಲಿರೋ ಹಳ್ಳಿ ಹುಡುಗ ಮಂದಣ್ಣನ ಬಗ್ಗೆ ಮಾತು ಬಂದ್ರೆ ಇನ್ನೂ ಚೆನ್ನ, ಊರವರ ಲೆಕ್ಕದಲ್ಲಿ ಅವನು ಉಡಾಳ, ಆದ್ರೆ ವಿಜ್ಞಾನಿ ಕರ್ವಾಲೊ ನಂಬೋದು ಅವನನ್ನೇ. ‘ನಿನ್ ಸಮಸ್ಯೆ ಏನಪ್ಪಾ’ ಅಂದ್ರೆ ಬಾಯೇ ಬಿಡದ ಹುಡುಗ ಮಂದಣ್ಣನಿಗೆ ಎಷ್ಟು ಅವಮಾನ ಆಗಿರ್ಬೇಕು ಅಂತ ಹೇಳ್ತಾ ಹೇಳ್ತಾ ತನ್ನ ಮನೆ ವಿಷ್ಯಕ್ಕೇ ಬಂದಿರ್ತಾನೆ. ಪಾತ್ರದ ಮರೆಯಲ್ಲಿ ನಿಂತ್ಕೊಂಡು ಮಾತಾಡೋದು ಈ ವಯಸ್ಸಿನವರಿಗೆ ಸಲೀಸು. ನಾವು ‘ನೋಡು, ನೀನೂ ಹಂಗೇ’ ಅಂತ ಬೆರಳು ತೋರಿಸಿದ್ವೋ, ಮುಗೀತು.

ಹಾಸ್ಟೆಲ್ ಮಕ್ಕಳಿಗೆ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’. ಹಸಿವು, ಜಾತಿ ಅವಮಾನ ಎಲ್ಲಾ ಇದೆ, ಆದ್ರೆ ಹೇಳೋ ರೀತಿಲಿ ನಗು ಇದೆ. ಕಷ್ಟದ ಬಗ್ಗೆ ಅಳದೇನೂ ಮಾತಾಡ್ಬಹುದು ಅನ್ನೋದು ಅಲ್ಲಿ ಕಾಣತ್ತೆ. ಉಪದೇಶದ ಪುಸ್ತಕದಲ್ಲಿ ನನಗಂತೂ ಇದು ಸಿಕ್ಕಿಲ್ಲ.

ಹಂಗಂತ ಎಲ್ಲದಕ್ಕೂ ಪುಸ್ತಕ ಸಾಲಲ್ಲ. ನಿದ್ದೆ ಊಟ ಬಿಟ್ಟು ರೂಮಲ್ಲೇ ಕೂತಿದ್ರೆ, ಸಾಯೋ ಮಾತಾಡ್ತಿದ್ರೆ, ಕಾದಂಬರಿ ಪಕ್ಕಕ್ಕಿಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಒಬ್ಬನ್ನೇ ಬಿಡ್ಬೇಡಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಹಗಲು ರಾತ್ರಿ ಯಾವಾಗ ಬೇಕಾದ್ರೂ ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.

ಉಳಿದವರ ಮನೇಲಿ ಒಂದು ಕೆಲ್ಸ ಮಾಡಿ, ಮಗನಿಗೆ ಕೊಟ್ಟ ಪುಸ್ತಕಾನ ನೀವೂ ಓದಿ. ಅವನು ಅರ್ಧಕ್ಕೆ ಬಿಟ್ರೆ ಬೈಯಕ್ಕೆ ಹೋಗ್ಬೇಡಿ, ಯಾವ ಪೇಜಲ್ಲಿ ಬೋರಾಯ್ತೋ ಅಂತ ಕೇಳಿ, ಕೆಲವು ಸಲ ಆ ಪೇಜಲ್ಲೇ ವಿಷ್ಯ ಇರತ್ತೆ.