ಬೇಸಾಯ ಮೊದಲೋ, ಊರು ಮೊದಲೋ?

ಪ್ರಶ್ನೆ: ಬೇಸಾಯ ಕಲಿತ ಮೇಲೆ ಮನುಷ್ಯ ಒಂದೇ ಕಡೆ ನೆಲೆ ನಿಂತ ಅಂತ ಶಾಲೆಯಲ್ಲಿ ಓದಿದ್ದೇವೆ. ಬರೀ ಬೆಳೆ ಬೆಳೆದರೆ ಊರು ಹುಟ್ಟುತ್ತದಾ?
– ಉಡುಪಿಯ ಓದುಗರೊಬ್ಬರು

ಉತ್ತರ: ಹುಟ್ಟುವುದಿಲ್ಲ. ಬೆಳೆದದ್ದನ್ನು ಕೂಡಿಡಬೇಕು. ನನ್ನ ಕೇಳಿದರೆ ನೇಗಿಲಿಗಿಂತ ಕಣಜವೇ ದೊಡ್ಡ ಸಂಗತಿ.

ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾಗುವ ಮೊದಲೇ ಕೆಲವರು ಕಲ್ಲಿನ ತಳಪಾಯದ ಮನೆ ಕಟ್ಟಿಕೊಂಡಿದ್ದರು. ಕಾಡಲ್ಲಿ ಬೆಳೆದ ಗೋಧಿ, ಬಾರ್ಲಿ ಆಯ್ದು ತರುತ್ತಿದ್ದರು. ಜೋರ್ಡಾನಿನ ಧ್ರಾ ಎಂಬಲ್ಲಿ ಸುಮಾರು 11,300 ವರ್ಷ ಹಳೆಯ ಕಣಜಗಳು ಸಿಕ್ಕಿವೆ. ತಂಡಿ, ಇಲಿ ತಾಗದ ಹಾಗೆ ಅವುಗಳ ನೆಲವನ್ನು ಮೇಲಕ್ಕೆತ್ತಿ ಕಟ್ಟಿದ್ದರು. ಒಳಗಿದ್ದದ್ದು ಇನ್ನೂ ಕಾಡುಬಾರ್ಲಿಯೇ!

ಕಾಡು ತಳಿಯ ತೆನೆ ಹಣ್ಣಾದ ಕೂಡಲೇ ಉದುರುತ್ತದೆ. ಅಪರೂಪಕ್ಕೊಂದು ಗಿಡದ್ದು ಉದುರದೆ ನಿಲ್ಲುತ್ತದೆ. ಕೊಯ್ಯುವವರ ಕೈಗೆ ಅದೇ ಜಾಸ್ತಿ ಸಿಕ್ಕಿತು, ಮುಂದಿನ ವರ್ಷ ಬಿತ್ತಿದ್ದೂ ಅದನ್ನೇ. ಸಾವಿರಾರು ವರ್ಷ ಹೀಗೇ ನಡೆದು, ಮನುಷ್ಯ ಬಿತ್ತದಿದ್ದರೆ ಹುಟ್ಟದ ಬೆಳೆ ತಯಾರಾಯಿತು. ಇತ್ತ ಮನುಷ್ಯನಿಗೂ ಅದನ್ನು ಬಿಟ್ಟು ಹೋಗುವಂತಿರಲಿಲ್ಲ. ಕೂಡಿಟ್ಟ ಕಾಳನ್ನು ಹೊತ್ತುಕೊಂಡು ಅಲೆಯಲಾಗುತ್ತದಾ? ಅಲೆದಾಟ ನಿಂತ ಮೇಲೆ ಮಕ್ಕಳ ನಡುವಿನ ಅಂತರ ಕಡಿಮೆಯಾಯಿತು, ಉಣ್ಣುವ ಬಾಯಿಗಳು ಹೆಚ್ಚಿದವು. ಅಷ್ಟು ಜನರನ್ನು ಬೇಟೆಯಿಂದ ಸಾಕಲು ಆಗುವುದಿಲ್ಲ. (ಆರೋಗ್ಯ ಸುಧಾರಿಸಿತು ಅಂದುಕೊಳ್ಳಬೇಡಿ. ಮೊದಲ ರೈತರ ಎಲುಬು, ಹಲ್ಲುಗಳಲ್ಲಿ ಬೇಟೆಗಾರರಿಗಿಂತ ಹೆಚ್ಚು ತೊಂದರೆ ಕಂಡ ಕಡೆಗಳು ಎಷ್ಟೋ ಇವೆ.)

ಕಾಳಿಗೆ ಇನ್ನೊಂದು ಗುಣ ಇದೆ. ನಮ್ಮ ಕಡೆಯ ಅಕ್ಕಿಮುಡಿಯನ್ನೇ ನೋಡಿ. ಬೈಹುಲ್ಲಿನಲ್ಲಿ ಬಿಗಿಯಾಗಿ ಕಟ್ಟಿದ ಒಂದು ಮುಡಿಗೆ 42 ಸೇರು. ಹೊಗೆ ತಾಗುವ ಅಟ್ಟದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು. ಎಣಿಸಬಹುದು, ಸಾಗಿಸಬಹುದು, ಕಸಿಯಲೂಬಹುದು. ಗೆಣಸು ಮಣ್ಣೊಳಗೆ ಅಡಗಿರುತ್ತದೆ, ಬೇಕಾದಾಗ ಕಿತ್ತರಾಯಿತು. ಭತ್ತ ಹಾಗಲ್ಲ, ಎಲ್ಲರ ಕಣ್ಣೆದುರು ಒಂದೇ ಸಲ ಹಣ್ಣಾಗುತ್ತದೆ. ಧಣಿಗಳಿಗೆ ಗೇಣಿಯನ್ನು ಮುಡಿ ಲೆಕ್ಕದಲ್ಲಿ ಅಳೆದುಕೊಟ್ಟದ್ದು ನಮ್ಮ ಅಜ್ಜಂದಿರಿಗೆ ಗೊತ್ತು. ಮೆಸೊಪೊಟೇಮಿಯಾದಲ್ಲೂ ನಡೆದದ್ದು ಇದೇ. 5,000 ವರ್ಷಗಳ ಹಿಂದಿನ ಅಲ್ಲಿನ ಮಣ್ಣಿನ ಹಲಗೆಗಳಲ್ಲಿ ಜಾಸ್ತಿ ಇರುವುದು ಕಾವ್ಯ ಅಲ್ಲ, ಬಾರ್ಲಿ, ಕುರಿ, ಕೂಲಿಯ ಲೆಕ್ಕ. ಉಳಿದ ಕಾಳಿನಿಂದಲೇ ಕುಂಬಾರ, ಪೂಜಾರಿ, ಗುಮಾಸ್ತ, ಸೈನಿಕ ಎಲ್ಲರ ಹೊಟ್ಟೆ ತುಂಬಿತು.

ಎಲ್ಲ ಕಡೆ ಇದೇ ಕ್ರಮ ಅಂತೇನೂ ಇಲ್ಲ. ಬಳ್ಳಾರಿ, ರಾಯಚೂರು ಕಡೆ ಸುಮಾರು 5,000 ವರ್ಷಗಳ ಹಿಂದೆ ಮೊದಲು ಕಾಣುವುದು ದನಕಾಯುವವರು. ಅವರು ಸಗಣಿ ರಾಶಿ ಹಾಕಿ ಸುಟ್ಟ ಬೂದಿದಿಬ್ಬಗಳು ಈಗಲೂ ಅಲ್ಲಿವೆ. ಹುರುಳಿ, ಹೆಸರು, ಕಿರುಧಾನ್ಯ ಬೆಳೆಯುತ್ತಾ ಸಂಗನಕಲ್ಲಿನಂಥ ಗುಡ್ಡಗಳ ಮೇಲೆ ಊರು ಕಟ್ಟಿದ್ದು ಆಮೇಲೆ.