ಎರಡು ಹೆಸರುಗಳ ಗ್ರಂಥಪಾಲಕ

ಗ್ರಂಥಾಲಯದ ನೌಕರಿಯಲ್ಲಿ ಐರ್ಲೆಂಡಿನ ಈ ಕಥೆಗಾರ ಮೈಕೆಲ್ ಓಡೊನೊವನ್. ಕಥೆಗಳ ಮೇಲೆ ಮಾತ್ರ ಫ್ರಾಂಕ್ ಓಕಾನರ್. ತಮ್ಮ ನಡುಹೆಸರು ಫ್ರಾನ್ಸಿಸ್, ತಾಯಿಯ ತವರಿನ ಹೆಸರು ಓಕಾನರ್. ಇವೆರಡನ್ನು ಕೂಡಿಸಿ ಕಟ್ಟಿಕೊಂಡ ಹೆಸರು ಅದು. ದಿನವಿಡೀ ಜನರಿಗೆ ಪುಸ್ತಕ ಕೊಡುವ ಮನುಷ್ಯ ತಾನು ಬರೆದುದಕ್ಕೆ ಸ್ವಂತ ಹೆಸರು ಹಾಕಲು ಯಾಕೆ ಹಿಂಜರಿಯಬೇಕಾಯಿತು? ಉತ್ತರ 1924ರ ಐರ್ಲೆಂಡಿನಲ್ಲಿದೆ.

1903ರಲ್ಲಿ ಕಾರ್ಕ್ ನಗರದಲ್ಲಿ ಹುಟ್ಟಿದ ಓಕಾನರ್ ಕಡುಬಡತನದಲ್ಲಿ ಬೆಳೆದವರು. ತಂದೆ ಕುಡುಕ. ಅನಾಥಾಲಯದಲ್ಲಿ ಬೆಳೆದಿದ್ದ ತಾಯಿ ಕಂಡವರ ಮನೆಗೆಲಸ ಮಾಡಿ ಮಗನನ್ನು ಸಾಕಿದರು. ಶಾಲೆ ಬೇಗನೆ ನಿಂತಿತು. ಐರ್ಲೆಂಡಿನ 1922-23ರ ಅಂತರ್ಯುದ್ಧದಲ್ಲಿ ಬ್ರಿಟನ್ನಿನೊಂದಿಗಿನ ಒಪ್ಪಂದವನ್ನು ವಿರೋಧಿಸಿದವರ ಪಕ್ಷ ಹಿಡಿದು, ಗೋರ್ಮನ್‌ಸ್ಟನ್ ಶಿಬಿರದಲ್ಲಿ ಸೆರೆಯಾಗಿದ್ದರು. ಬಿಡುಗಡೆಯಾದ ಮೇಲೆ ಅವರಿಗೆ ದಾರಿ ತೋರಿಸಿದವರು ನಾಟಕಕಾರ ಲೆನಕ್ಸ್ ರಾಬಿನ್ಸನ್. ಹಳ್ಳಿಗಾಡಿಗೂ ಪುಸ್ತಕ ಮುಟ್ಟಿಸಲು ಕಾರ್ನೆಗಿ ಟ್ರಸ್ಟ್ ಎಂಬ ದಾನಸಂಸ್ಥೆ ಐರ್ಲೆಂಡಿನಲ್ಲಿ ಕೌಂಟಿ (ಜಿಲ್ಲಾ) ಗ್ರಂಥಾಲಯಗಳನ್ನು ಕಟ್ಟುತ್ತಿತ್ತು; ಅದರ ಐರಿಷ್ ಸಮಿತಿಗೆ ರಾಬಿನ್ಸನ್ ಕಾರ್ಯದರ್ಶಿ. ಹೀಗೆ ಪದವಿಯಿಲ್ಲದ ಯುವಕ ಸ್ಲೈಗೋದಲ್ಲಿ ಗ್ರಂಥಾಲಯದ ಕೆಲಸ ಕಲಿಯತೊಡಗಿದರು.

ಅದೇ 1924ರಲ್ಲಿ ರಾಬಿನ್ಸನ್ ಅವರ ಕಥೆಯೊಂದು ಪತ್ರಿಕೆಯಲ್ಲಿ ಬಂತು. ಅತ್ಯಾಚಾರಕ್ಕೆ ಒಳಗಾದ ಹಳ್ಳಿ ಹುಡುಗಿಯೊಬ್ಬಳು ತನ್ನನ್ನು ಮೇರಿಮಾತೆಯೆಂದು ನಂಬುವ ಕಥೆ. ಧರ್ಮನಿಂದೆಯೆಂಬ ಕೂಗು ಎದ್ದಿತು. ಸಮಿತಿಯಲ್ಲಿದ್ದ, ಕ್ಯಾಥೊಲಿಕರ ಜೆಸ್ವಿಟ್ ಪಂಥದ ಪಾದ್ರಿ ಥಾಮಸ್ ಫಿನ್ಲೆ ರಾಜೀನಾಮೆ ಕೊಟ್ಟರು. ಕೊನೆಗೆ ರಾಬಿನ್ಸನ್ ಕೆಲಸ ಕಳೆದುಕೊಂಡರು. ಒಂದು ಸಣ್ಣಕಥೆಗೆ ತೆತ್ತ ಬೆಲೆ ಇದು. ತಮಗೆ ಅನ್ನದ ದಾರಿ ತೋರಿಸಿದವರಿಗೇ ಹೀಗಾದುದನ್ನು ಕಂಡ ಮೇಲೆ ಓಕಾನರ್ ಹೆಸರು ಮರೆಸಿಕೊಂಡದ್ದು ಅಂಜುಬುರುಕುತನವೆಂದು ನನಗೆ ಅನ್ನಿಸುವುದಿಲ್ಲ.

ವಿಕ್ಲೋ, ಕಾರ್ಕ್ ಸುತ್ತಿ 1928ರಲ್ಲಿ ಅವರು ಡಬ್ಲಿನ್ನಿನ ಪೆಂಬ್ರೋಕ್ ಗ್ರಂಥಾಲಯಕ್ಕೆ ಬಂದರು. ಮರುವರ್ಷವೇ ಸೆನ್ಸಾರ್ ಕಾಯ್ದೆ ಜಾರಿಯಾಯಿತು. ಅಶ್ಲೀಲವೆಂದು ತೋರಿದ ಪುಸ್ತಕವನ್ನೂ ಗರ್ಭನಿರೋಧವನ್ನು ಬೆಂಬಲಿಸುವ ಬರಹವನ್ನೂ ದೇಶದೊಳಗೆ ಮಾರದಂತೆ ತಡೆಯುವ ಅಧಿಕಾರ ಸರ್ಕಾರದ ಕೈಗೆ ಸಿಕ್ಕಿತು. ಗ್ರಂಥಪಾಲಕರು ಯಾರೆಂಬುದೂ ಜಗಳದ ವಿಷಯವಾಯಿತು: 1930ರಲ್ಲಿ, ಕ್ಯಾಥೊಲಿಕರೇ ಹೆಚ್ಚಿದ್ದ ಮೇಯೋ ಕೌಂಟಿಗೆ ನೇಮಕಗೊಂಡ ಲೆಟಿಷಿಯಾ ಡನ್ಬರ್ ಹ್ಯಾರಿಸನ್ ಪ್ರಾಟೆಸ್ಟಂಟ್ ಎಂಬ ಕಾರಣಕ್ಕೆ ಭಾರೀ ವಿರೋಧ ಎದ್ದಿತು; ಆಕೆಗೆ ಐರಿಷ್ ಭಾಷೆ ಸಾಲದೆಂಬ ನೆಪವೂ ಸೇರಿಕೊಂಡಿತು. ಸರ್ಕಾರ ಕೌಂಟಿ ಮಂಡಳಿಯನ್ನೇ ವಿಸರ್ಜಿಸಿತು. ಜನ ಗ್ರಂಥಾಲಯಕ್ಕೆ ಬಹಿಷ್ಕಾರ ಹಾಕಿದರು. ಕೊನೆಗೆ ಆಕೆಯನ್ನು ಡಬ್ಲಿನ್ನಿಗೆ ವರ್ಗ ಮಾಡಲಾಯಿತು.

ಈ ಗದ್ದಲದ ನಡುವೆಯೇ, 1931ರಲ್ಲಿ, ಓಕಾನರ್ ಅವರ ಮೊದಲ ಕಥಾಸಂಕಲನ ‘ಗೆಸ್ಟ್ಸ್ ಆಫ್ ದಿ ನೇಷನ್’ ಹೊರಬಂತು. ಅದರ ಶೀರ್ಷಿಕೆಕಥೆಯಲ್ಲಿ, ಒತ್ತೆಯಿಟ್ಟ ಇಬ್ಬರು ಇಂಗ್ಲಿಷ್ ಸೈನಿಕರೊಂದಿಗೆ ಇಸ್ಪೀಟಾಡಿ ಗೆಳೆತನ ಬೆಳೆಸಿದ ಐರಿಷ್ ಕಾವಲುಗಾರರೇ ಅವರನ್ನು ಕೊಲ್ಲಬೇಕಾಗುತ್ತದೆ. ಬಂದೂಕು ಹಿಡಿದವರ ಸಾಲಿನಲ್ಲಿ ನಿಂತು ಬಂದವರು ಮಾತ್ರ ಬರೆಯಬಲ್ಲ ಕಥೆ ಅದು.

1938ರಲ್ಲಿ ಅವರು ನೌಕರಿ ಬಿಟ್ಟರು. ನಿಷೇಧ ಆಮೇಲೆ ಬಂತು. 1940ರ ಕಾದಂಬರಿ ‘ಡಚ್ ಇಂಟೀರಿಯರ್’ ನಿಷಿದ್ಧವಾಯಿತು. ಬ್ರಯನ್ ಮೆರಿಮನ್ ಎಂಬ 18ನೇ ಶತಮಾನದ ಕವಿಯ ಐರಿಷ್ ಕಾವ್ಯವನ್ನು ಓಕಾನರ್ ಇಂಗ್ಲಿಷಿಗೆ ತಂದಾಗ ಆ ಅನುವಾದಕ್ಕೂ ತಡೆ ಬಿತ್ತು. ಮೂಲವನ್ನು ಮಾತ್ರ ಯಾರೂ ಮುಟ್ಟಲಿಲ್ಲ. 1950ರ ದಶಕದಲ್ಲಿ ಅವರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು.

1966ರ ಮಾರ್ಚ್ 10ರಂದು ಡಬ್ಲಿನ್ನಿನಲ್ಲಿ ತೀರಿಕೊಂಡರು. ಮರುವರ್ಷ ಕಾಯ್ದೆಗೆ ತಿದ್ದುಪಡಿಯಾಗಿ ನಿಷೇಧದ ಅವಧಿ 12 ವರ್ಷಕ್ಕೆ ಇಳಿಯಿತು, ಸಾವಿರಾರು ಪುಸ್ತಕಗಳು ಒಮ್ಮೆಗೇ ಬಿಡುಗಡೆಯಾದವು.