ಹಾರ್ನ್ ಇಲ್ಲದ ಜೀನಿನ ಮೇಲೆ

ಕೈ ಮುಂದಕ್ಕೆ ಹೋಯಿತು. ಹಿಡಿಯೋಣ ಅಂದರೆ ಅಲ್ಲಿ ಏನೂ ಇರಲಿಲ್ಲ.

ಟೆಕ್ಸಾಸ್‌ನಲ್ಲಿದ್ದಾಗ ಆರು ತಿಂಗಳು, ವಾರಕ್ಕೊಂದು ಪಾಠದಂತೆ ವೆಸ್ಟರ್ನ್ ಪದ್ಧತಿಯ ಕುದುರೆ ಸವಾರಿ ಕಲಿತಿದ್ದೆ. ಅದು ಕೌಬಾಯ್‌ಗಳ ಪದ್ಧತಿ. ಆರಾಮಕುರ್ಚಿಯಂಥ ದೊಡ್ಡ ಜೀನು, ಅದರ ಮುಂದೆ ಗೂಟದ ಹಾಗೆ ಎದ್ದು ನಿಂತ ಹಾರ್ನ್. ಆಮೇಲೆ ಕೆಲಸದ ಮೇಲೆ ವರ್ಜೀನಿಯಾಕ್ಕೆ ಬಂದೆ. ಅಲ್ಲಿನ ಹಳ್ಳಿಗಾಡಿನಲ್ಲಿ ನರಿ ಬೇಟೆಯ ಕಾಲದಿಂದಲೂ ಇಂಗ್ಲಿಷ್ ಪದ್ಧತಿಯದೇ ಕಾರುಬಾರು. ಎಲ್ಲಿ ಹೋದರೂ ಕುದುರೆ ಕುದುರೆಯೇ ಅಲ್ವಾ ಅಂದುಕೊಂಡು ಸೇರಿಬಿಟ್ಟೆ.

ಮೊದಲ ಪಾಠದಲ್ಲೇ ಕುದುರೆ ಟ್ರಾಟ್‌ಗೆ ಇಳಿಯಿತು. ಕನ್ನಡದಲ್ಲಿ ಕುಕ್ಕುಲೋಟ. ಹೆಸರಿಗೆ ತಕ್ಕ ಹಾಗೆ ಚೆನ್ನಾಗಿಯೇ ಕುಕ್ಕಿತು. ನನ್ನ ಬಲಗೈ ತಾನಾಗಿ ಹಾರ್ನ್ ಹುಡುಕಿತು, ಸಿಕ್ಕಿದ್ದು ಒಂದು ಹಿಡಿ ಜೂಲು. "ಜೂಲು ಹಿಡಿದುಕೊಳ್ಳಿ, ಪರವಾಗಿಲ್ಲ. ಲಗಾಮು ಹಿಡಿದು ಅದರ ಬಾಯಿಗೆ ಮಾತ್ರ ಜೋತುಬೀಳಬೇಡಿ" ಅಂದರು ಟೀಚರ್. ಮುಂದಿನ ವಾರ ಕುದುರೆಯ ಕತ್ತಿಗೆ ಒಂದು ಚರ್ಮದ ಪಟ್ಟಿ ಕಟ್ಟಿಕೊಟ್ಟರು. ಅದು ಹೊಸಬರಿಗೆಂದೇ ಇರುವ ಪಟ್ಟಿಯಂತೆ. ಸ್ವಲ್ಪ ಅವಮಾನವೇ ಆಯಿತು. ಆರು ತಿಂಗಳು ಕಲಿತದ್ದು ಎಲ್ಲಿ ಹೋಯಿತು?

ಎಲ್ಲೂ ಹೋಗಿರಲಿಲ್ಲ. ಅದರಲ್ಲಿ ಒಂದಷ್ಟನ್ನು ನಾನು ಕಲಿತೇ ಇರಲಿಲ್ಲ. ನನ್ನ ಪರವಾಗಿ ಜೀನೇ ಮಾಡುತ್ತಿತ್ತು.

ವೆಸ್ಟರ್ನ್ ಜೀನು ಹುಟ್ಟಿದ್ದು ದನ ಕಾಯುವ ಕೆಲಸಕ್ಕೆ. ಸ್ಪೇನಿನವರು ಮೆಕ್ಸಿಕೋಗೆ ತಂದ ಜೀನನ್ನು ಅಲ್ಲಿನ ವಕೇರೋಗಳು, ಅಂದರೆ ದನಗಾಹಿಗಳು, ತಮ್ಮ ಕೆಲಸಕ್ಕೆ ಬೇಕಾದಂತೆ ಬದಲಾಯಿಸಿಕೊಂಡರು. ಹಗ್ಗ ಬೀಸಿ ಹೋರಿಯನ್ನು ಹಿಡಿದ ಮೇಲೆ ಹಗ್ಗದ ಇನ್ನೊಂದು ತುದಿಯನ್ನು ಯಾವುದಕ್ಕಾದರೂ ಸುತ್ತಬೇಕಲ್ಲ, ಅದಕ್ಕೆ ಹಾರ್ನ್. ಹೆದರಿದ ಸವಾರ ಹಿಡಿದುಕೊಳ್ಳಲಿ ಅಂತ ಯಾರೂ ಅದನ್ನು ಇಟ್ಟಿದ್ದಲ್ಲ. ಹೋರಿ ಎಳೆಯುವ ಬಲ ಕುದುರೆಯ ಬೆನ್ನಿನ ಒಂದೇ ಜಾಗಕ್ಕೆ ಬೀಳಬಾರದು. ಹಾಗಾಗಿ ಜೀನಿನ ಒಳಗಿನ ಚೌಕಟ್ಟು ಅಗಲ, ಉದ್ದ, ಗಟ್ಟಿ. ತೂಕ 13ರಿಂದ 18 ಕೆಜಿ, ಹಗ್ಗದ ಕೆಲಸದ ಜೀನು ಇನ್ನೂ ಜಾಸ್ತಿ. ಅದೇ ಬಲ ಹೆಚ್ಚು ಜಾಗಕ್ಕೆ ಹಂಚಿದರೆ ಒತ್ತಡ ಕಡಿಮೆ. ಇಡೀ ದಿನ ಕೂತರೂ ಕುದುರೆಯ ಬೆನ್ನು ತಡೆಯುತ್ತದೆ.

ಇಂಗ್ಲಿಷ್ ಜೀನಿನ ಕಥೆ ಬೇರೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲಿ ಬಯಲು ಜಮೀನುಗಳಿಗೆಲ್ಲ ಬೇಲಿ ಬೀಳುತ್ತಾ ಹೋಯಿತು. ನರಿಯ ಬೆನ್ನು ಹತ್ತಿದವರಿಗೆ ಬೇಲಿ ಹಾರದೆ ಗತಿಯಿರಲಿಲ್ಲ. ಹಾರುವಾಗ ಹೊಟ್ಟೆಗೆ ಚುಚ್ಚುವಷ್ಟು ಎತ್ತರದ ಜೀನಿನ ಮುಂಭಾಗ ಯಾರಿಗೆ ಬೇಕು? ಜೀನು ಚಪ್ಪಟೆಯಾಯಿತು, ಹಗುರವಾಯಿತು. ಇವತ್ತಿನ ಇಂಗ್ಲಿಷ್ ಜೀನು 5ರಿಂದ 9 ಕೆಜಿ ತೂಗಿದರೆ ಹೆಚ್ಚು. ಮುಂದೆ ಇಟಲಿಯ ಸೇನೆಯ ಫೆಡರಿಕೋ ಕಪ್ರಿಲ್ಲಿ (1868–1907) ಇನ್ನೊಂದು ತಿರುವು ಕೊಟ್ಟರು. ಹಾರುವಾಗ ಹಿಂದಕ್ಕೆ ವಾಲುವುದೇ ಅಲ್ಲಿಯವರೆಗಿನ ರೂಢಿ. ಹಾಗಲ್ಲ, ಮುಂದಕ್ಕೆ ಬಾಗಿ ಕುದುರೆಯ ಬೆನ್ನನ್ನು ಬಿಡುಗಡೆ ಮಾಡಿ ಅಂದರು ಅವರು. ರಿಕಾಪು, ಅಂದರೆ ಸವಾರ ಕಾಲಿಡುವ ಬಳೆ, ಮೇಲೇರಿತು, ಮೊಣಕಾಲು ಮಡಚಿತು. ನಮ್ಮಲ್ಲಿಗೆ ಬ್ರಿಟಿಷರ ಜೊತೆ ಬಂದದ್ದೂ ಇಂಗ್ಲಿಷ್ ಸವಾರಿಯೇ. ಬೆಂಗಳೂರಿನಲ್ಲಿ ಕಲಿತವರಿಗೆ ನನ್ನ ಈ ಗೋಳು ಅರ್ಥವಾಗಲಿಕ್ಕಿಲ್ಲ.

ಈಗ ಆ ಕುಕ್ಕಿನ ವಿಷಯಕ್ಕೆ ಬರೋಣ. ನನ್ನ ಪಾಲಿಗೆ ಇಡೀ ಬದಲಾವಣೆಯ ಗುಟ್ಟು ಇದ್ದದ್ದು ಅಲ್ಲೇ.

ಟ್ರಾಟ್‌ನಲ್ಲಿ ಕುದುರೆಯ ಕಾಲುಗಳು ಮೂಲೆಯಿಂದ ಮೂಲೆಗೆ ಜೋಡಿಯಾಗಿ ಏಳುತ್ತವೆ. ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ಎರಡು ಜೋಡಿಗಳ ನಡುವೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿ. ಸಾಧಾರಣ ಟ್ರಾಟ್‌ನಲ್ಲಿ ಹೀಗೆ ನಿಮಿಷಕ್ಕೆ 150ಕ್ಕೂ ಹೆಚ್ಚು ಸಲ ಕುದುರೆಯ ಬೆನ್ನು ಮೇಲೆ ಕೆಳಗೆ ಆಗುತ್ತದೆ. ಬೆನ್ನು ಏರುವಾಗ ನಮ್ಮನ್ನೂ ಎಸೆಯುತ್ತದೆ. ಎಸೆದ ಮೇಲೆ ನಾವು ಸುಮ್ನೆ ಬೀಳುವ ಕಲ್ಲಿನ ಹಾಗೆ, ನಮ್ಮ ಪಾಡಿಗೆ ನಾವು. ಕೆಳಗೆ ಬರುವಷ್ಟರಲ್ಲಿ ಬೆನ್ನು ಆಗಲೇ ಇಳಿದು ಮತ್ತೆ ಮೇಲೆ ಬರುತ್ತಿರುತ್ತದೆ. ಇಳಿಯುವವರೂ ಏರುವ ಬೆನ್ನೂ ನಡುದಾರಿಯಲ್ಲಿ ಡಿಕ್ಕಿ. ಹಳ್ಳಿ ರಸ್ತೆಯಲ್ಲಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ಟೆಕ್ಸಾಸ್‌ನಲ್ಲಿ ನನಗೆ ಇದು ಯಾಕೆ ಗೊತ್ತಾಗಲಿಲ್ಲ? ಅಲ್ಲಿ ನಾನು ಕೂತದ್ದು ಜಾಗ್ ಮಾಡುವ ಕುದುರೆಯ ಮೇಲೆ. ಜಾಗ್ ಕೂಡ ಟ್ರಾಟೇ, ಆದರೆ ನಿಧಾನ, ಗಾಳಿಯಲ್ಲಿ ತೇಲುವ ಹೊತ್ತು ತೀರಾ ಕಡಿಮೆ. ಸವಾರ ಕೂತೇ ಇರಲಿ ಅಂತಲೇ ಆ ಕುದುರೆಗಳನ್ನು ಪಳಗಿಸುತ್ತಾರೆ. ಉಳಿದ ಅಷ್ಟಿಷ್ಟು ಕುಕ್ಕನ್ನು ಆ ಆಳವಾದ ಜೀನು ಸುಧಾರಿಸಿಕೊಳ್ಳುತ್ತಿತ್ತು.

ಇಂಗ್ಲಿಷ್ ಪದ್ಧತಿ ಇದಕ್ಕೆ ಹುಡುಕಿಕೊಂಡ ಉಪಾಯದ ಹೆಸರು ಪೋಸ್ಟಿಂಗ್. ಹಿಂದೆ ಅಂಚೆ ಗಾಡಿ ಎಳೆಯುವ ಜೋಡಿ ಕುದುರೆಗಳಲ್ಲಿ ಎಡಗಡೆಯದರ ಮೇಲೆ ಕೂತು ಗಾಡಿ ನಡೆಸುವ ಹುಡುಗರಿದ್ದರು. ಮೈಲಿಗಟ್ಟಲೆ ಟ್ರಾಟ್ ಅವರ ಹಣೆಬರಹ. ಆ ಪೋಸ್ಟ್ ಹುಡುಗರಿಂದ ಬಂದ ಹೆಸರು ಇದು. ಒಂದು ಕುಕ್ಕಿಗೆ ಏಳು, ಮುಂದಿನದಕ್ಕೆ ಕೂರು. 150 ಡಿಕ್ಕಿಗಳ ಜಾಗದಲ್ಲಿ 75 ಇಳಿಯುವಿಕೆ ಮಾತ್ರ, ಅದೂ ಮೆತ್ತಗೆ. ಮೊದಲ ತಿಂಗಳು ನಾನು ಮಾಡಿದ ತಪ್ಪು ಅಂದರೆ ರಿಕಾಪನ್ನು ತುಳಿದು, ಕುರ್ಚಿಯಿಂದ ಎದ್ದ ಹಾಗೆ ಏಳುತ್ತಿದ್ದದ್ದು. ಹತ್ತು ಸಲಕ್ಕೇ ಏದುಸಿರು. ಆದರೆ ಮೇಲೆತ್ತುವ ಕೆಲಸವನ್ನು ಕುದುರೆ ಪುಕ್ಕಟೆಯಾಗಿ ಮಾಡಿಕೊಡುತ್ತದೆ! ನಾವು ಮಾಡಬೇಕಾದದ್ದು ಕೆಳಗೆ ಬರುವುದನ್ನು ಒಂದು ತಾಳದಷ್ಟು ತಡಮಾಡುವುದು, ಅಷ್ಟೇ. ಜೋಕಾಲಿ ಜೀಕುವವರಿಗೆ ಈ ಲೆಕ್ಕ ಮೈಗೇ ಗೊತ್ತಿರುತ್ತದೆ. ಬಲಕ್ಕಿಂತ ಹೊತ್ತು ಮುಖ್ಯ.

ಕುದುರೆಗೆ ಇದರಿಂದ ಎಷ್ಟು ಲಾಭ? ಜೀನಿನ ಕೆಳಗೆ ಒತ್ತಡ ಅಳೆಯುವ ಹಾಸು ಇಟ್ಟು ನೋಡಿದ್ದಾರೆ. 2010ರಲ್ಲಿ ಪ್ರಕಟವಾದ ಅಂಥ ಒಂದು ಅಳತೆಯಲ್ಲಿ ಟ್ರಾಟ್‌ನಲ್ಲಿ ಕೂತೇ ಇದ್ದಾಗ ಬೆನ್ನಿನ ಮೇಲೆ ಬಿದ್ದ ಗರಿಷ್ಠ ಬಲ ಸುಮಾರು 2100 ನ್ಯೂಟನ್. ಅಂದರೆ 200 ಕೆಜಿಗೂ ಮೇಲ್ಪಟ್ಟ ಭಾರ ಒಂದು ಕ್ಷಣಕ್ಕೆ ಕೂತ ಹಾಗೆ. ಎದ್ದು ಕೂತು ಮಾಡಿದಾಗ ಇಳಿದದ್ದು ಸ್ವಲ್ಪವೇ. ಪೂರ್ತಿ ಎದ್ದು, ಸೀಟು ಮುಟ್ಟಿಸದೆ, ಕಾಲಿನ ಮೇಲೆ ಬಾಗಿ ನಿಂತಾಗ ಮಾತ್ರ 1700ರ ಆಸುಪಾಸಿಗೆ ಬಂತು. ಸವಾರರ ತೂಕ ಬದಲಾಗಿರಲಿಲ್ಲ. ಬದಲಾದದ್ದು ಮೊಣಕಾಲು, ಪಾದದ ಕೀಲುಗಳು ಸ್ಪ್ರಿಂಗ್ ಆದದ್ದು. ರೇಸಿನ ಜಾಕಿಗಳು ಕುಕ್ಕರಗಾಲಲ್ಲಿ ಬಾಗಿರುವುದರ ಹಿಂದೆ ಇರುವುದೂ ಇದೇ ಲೆಕ್ಕ. 1900ರ ಹೊತ್ತಿಗೆ ಆ ಭಂಗಿ ಬಂದ ಮೇಲೆ ರೇಸಿನ ಸಮಯ ಶೇಕಡಾ 5ರಿಂದ 7ರಷ್ಟು ಕಡಿಮೆಯಾಯಿತು ಎಂದು 2009ರ ಒಂದು ಅಧ್ಯಯನ ಹೇಳುತ್ತದೆ. ಕುದುರೆ ಜಾಕಿಯನ್ನು ಹೊರುತ್ತದೆ, ಆದರೆ ಪ್ರತಿ ಹೆಜ್ಜೆಗೂ ಎತ್ತಿ ಇಳಿಸಬೇಕಿಲ್ಲ.

ಆ ಸ್ಪ್ರಿಂಗ್‌ಗೆ ಕೂಲಿ ಕೊಡುವುದು ನಮ್ಮ ತೊಡೆ. ಮೊದಲ ಪಾಠದ ಮಾರನೇ ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇಳಿದು ಬಂದ ಮೇಲೆ ಕಾಲು ನಡುಗುವುದಿಲ್ಲವೇ, ಅದೇ ಜಾತಿಯ ನೋವು. ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗಬೇಕಾದಾಗ ಅದರ ಎಳೆಗಳಿಗೆ ಸಣ್ಣ ಪೆಟ್ಟು ಬೀಳುತ್ತದೆ. ಜೀನಿನ ಮೇಲೆ ಧೊಪ್ಪೆಂದು ಬೀಳದೆ ಮೆತ್ತಗೆ ಇಳಿಯುವುದೂ ಅಂಥದೇ ಕೆಲಸ.

ಕೈಯದು ಬೇರೆಯೇ ರಾಮಾಯಣ. ವೆಸ್ಟರ್ನ್‌ನಲ್ಲಿ ಲಗಾಮು ಒಂದೇ ಕೈಯಲ್ಲಿ, ಸಡಿಲವಾಗಿ. ಇನ್ನೊಂದು ಕೈ ಹಗ್ಗಕ್ಕೆ ಬೇಕಲ್ಲ. ಬಲಕ್ಕೆ ಹೋಗಬೇಕಾದರೆ ಲಗಾಮನ್ನು ಕತ್ತಿನ ಎಡಕ್ಕೆ ತಾಗಿಸಿದರೆ ಸಾಕು. ವರ್ಜೀನಿಯಾದಲ್ಲಿ ನಾನು ಹಾಗೇ ತಾಗಿಸಿದೆ. ಕುದುರೆ ಯಾವ ಬೇಸರವೂ ಇಲ್ಲದೆ ನೆಟ್ಟಗೆ ಬೇಲಿಯ ಬಳಿ ಹೋಗಿ ನಿಂತಿತು. ಅದರ ತಪ್ಪೇನೂ ಇಲ್ಲ. ಕತ್ತಿಗೆ ಲಗಾಮು ತಾಗಿದರೆ ತಿರುಗಬೇಕು ಅನ್ನುವುದು ಹುಟ್ಟುಗುಣವಲ್ಲ, ಕಲಿತ ಭಾಷೆ. ಮೊದಲು ಬಾಯಿಯ ಒಂದು ಬದಿಗೆ ಎಳೆದು ತಿರುಗಿಸುತ್ತಾರೆ, ಜೊತೆಗೇ ಕತ್ತಿಗೂ ತಾಗಿಸುತ್ತಾರೆ. ಹೀಗೆ ನೂರಾರು ಸಲ ಆದ ಮೇಲೆ ಕತ್ತಿನ ಸ್ಪರ್ಶವೊಂದೇ ಸಾಕಾಗುತ್ತದೆ. ನನ್ನ ಹೊಸ ಕುದುರೆ ಆ ಶಾಲೆಗೇ ಹೋಗಿರಲಿಲ್ಲ.

ಇಂಗ್ಲಿಷ್‌ನಲ್ಲಿ ಎರಡೂ ಕೈಗೆ ಲಗಾಮು, ಅದೂ ಬಾಯಿಯ ಜೊತೆ ಸದಾ ನವಿರಾದ ಸಂಪರ್ಕದಲ್ಲಿ. ಕಡಿವಾಣ ಕೂರುವುದು ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಬರಿ ವಸಡಿನ ಮೇಲೆ. ತೆಳು ಚರ್ಮ, ಕೆಳಗೆ ಮೂಳೆ. ಇನ್ನು ಒಂದು ಮಜಾ ನೋಡಿ. ನಡೆಯುವಾಗ ಕುದುರೆ ತಲೆ ಆಡಿಸುತ್ತದೆ, ಟ್ರಾಟ್‌ನಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿ ಹಿಡಿಯುತ್ತದೆ. ಹಾಗಾಗಿ ನಡಿಗೆಯಲ್ಲಿ ನಮ್ಮ ಕೈ ಅದರ ತಲೆಯ ಆಟಕ್ಕೆ ತಕ್ಕಂತೆ ಮುಂದೆ ಹಿಂದೆ ಹೋಗಿ ಬಂದು ಮಾಡಬೇಕು. ಟ್ರಾಟ್‌ನಲ್ಲಿ ಮೈ ಎದ್ದು ಕೂತು ಮಾಡುತ್ತಿದ್ದರೂ ಕೈ ಮಾತ್ರ ಅಲ್ಲೇ ಇರಬೇಕು. ಮೊಣಕೈ ಬಾಗಿಲ ಕೀಲಿನಂತೆ ತೆರೆದು ಮುಚ್ಚದಿದ್ದರೆ ಪ್ರತಿ ಸಲ ಎದ್ದಾಗಲೂ ಅದರ ಬಾಯಿಗೆ ಒಂದು ಜಗ್ಗು.

ಎರಡು ತಿಂಗಳಾದ ಮೇಲೆ ಒಂದು ಶನಿವಾರ, ಏಳು ಕೂರು ಎಂದು ಎಣಿಸುವುದನ್ನೇ ಮರೆತಿದ್ದೇನೆ ಅಂತ ಗೊತ್ತಾಯಿತು. ಕತ್ತಿನ ಪಟ್ಟಿ ತನ್ನ ಪಾಡಿಗೆ ತಾನು ಅಲ್ಲಾಡುತ್ತಿತ್ತು.

ಹೋದ ಚಳಿಗಾಲ ಟೆಕ್ಸಾಸ್‌ಗೆ ಹೋಗಿದ್ದಾಗ ಹಳೇ ಗೆಳೆಯನ ರಾಂಚ್‌ನಲ್ಲಿ ಮತ್ತೆ ವೆಸ್ಟರ್ನ್ ಜೀನಿನ ಮೇಲೆ ಕೂತೆ. ಕುದುರೆ ಚುರುಕಾಗಿ ಟ್ರಾಟ್ ಮಾಡಿದ್ದೇ ತಡ, ಮೈ ತಾನಾಗಿ ಏಳಲು ಕೂರಲು ಶುರುಮಾಡಿತು. ನಗುತ್ತಾರೇನೋ ಅಂತ ಮುಂದೆ ಹೋಗುತ್ತಿದ್ದ ಮುದುಕ ಕೌಬಾಯ್ ಕಡೆ ನೋಡಿದೆ. ದೂರದ ಬೇಲಿ ನೋಡಿಕೊಂಡು ಬರಲು ಹೊರಟಿದ್ದ ಅವರು ಒಂದು ಕೈ ಜೇಬಿನಲ್ಲಿಟ್ಟುಕೊಂಡು, ಹಾರ್ನ್ ಮುಟ್ಟದೆ, ಏಳುತ್ತಾ ಕೂರುತ್ತಾ ಹೋಗುತ್ತಿದ್ದರು.